ತಪ್ಪು ಹೇಳುವ ಹುಡುಗಿ

ನೇತ್ರಾವತಿ ಮೇಡಂ ನನಗಿಂತ ಹದಿಮೂರು ವರ್ಷ ಚಿಕ್ಕವರು. ಆದರೂ ಅವರು ಎದುರಿಗೆ ಬಂದರೆ ನಾನು ಈಗಲೂ ಎದ್ದು ನಿಲ್ಲುತ್ತೇನೆ. ನನ್ನ ಮಂಡಿ ನೋವು ಅವರಿಗೆ ಗೊತ್ತು, ಕೂತ್ಕೊಳ್ಳಿ ಅಂತ ಕೈ ಆಡಿಸುತ್ತಾರೆ. ಕೂರುತ್ತೇನೆ, ಆದರೆ ಎದ್ದ ಮೇಲೇ. ನನ್ನ ಹೆಸರನ್ನು ನನ್ನ ಕೈಯಲ್ಲೇ ಬರೆಯಲು ಕಲಿಸಿದವರು ಅವರು. ನಲವತ್ತೆರಡು ವರ್ಷ ಹೆಬ್ಬೆಟ್ಟು ಒತ್ತಿದ ಕೈ ಇದು.

ಅಮೃತೂರಿನ ಹತ್ತಿರದ ನಮ್ಮ ಹಳ್ಳಿಗೆ ಅವರು ಹೊಸದಾಗಿ ಟೀಚರಾಗಿ ಬಂದು ಮೂವತ್ತು ವರ್ಷದ ಮೇಲಾಯಿತು. ಹಗಲೆಲ್ಲ ಮಕ್ಕಳಿಗೆ ಪಾಠ, ಊಟವಾದ ಮೇಲೆ ನಮ್ಮಂಥ ಹೆಂಗಸರಿಗೆ ಪಾಠ. ನಾವು ಹನ್ನೊಂದು ಜನ ಹೋಗುತ್ತಿದ್ದೆವು. ಶಾಲೆಯ ನೆಲದ ಮೇಲೆ ಗೋಣಿಚೀಲ ಹಾಸಿಕೊಂಡು ಕೂರುತ್ತಿದ್ದೆವು. ನಾನು ಆಗ ತೆಂಗಿನ ಗರಿಯಿಂದ ಕಡ್ಡಿ ಹೆರೆದು ಪೊರಕೆ ಕಟ್ಟುತ್ತಿದ್ದೆ. ದಿನದ ಕಟ್ಟು ಮುಗಿಸಿ, ಮನೆಯವರಿಗೆಲ್ಲ ಇಕ್ಕಿ, ಪಾತ್ರೆ ತೊಳೆದು ಬರುವಷ್ಟರಲ್ಲಿ ಅರ್ಧ ಪಾಠ ಆಗಿರುತ್ತಿತ್ತು. ನಾಚಿಕೆಯಿಂದ ಬಾಗಿಲ ಹತ್ತಿರ, ಎಲ್ಲರೂ ಚಪ್ಪಲಿ ಬಿಟ್ಟ ಕಡೆಯೇ ಕೂತುಬಿಡುತ್ತಿದ್ದೆ.

ಮೊದಲ ವಾರವೇ ಮೇಡಂ ನೋಡಿದರು. "ಕಲ್ಲಮ್ಮ, ಮುಂದೆ ಬನ್ನಿ" ಎಂದರು.

"ಇರ್ಲಿ ಬುಡಿ ಮೇಡಂ, ಲೇಟಾಗಿ ಬಂದಿವ್ನಿ."

"ಅದಕ್ಕೇ ಕರೀತಿರೋದು. ಲೇಟಾಗಿ ಬಂದೋರು ಮುಂದೆ ಕೂರ್ಬೇಕು, ಇದು ನನ್ನ ಕ್ಲಾಸಿನ ರೂಲು. ಹಿಂದೆ ಬಿದ್ದೋರಿಗಲ್ವಾ ಬೋರ್ಡು ಹತ್ರ ಬೇಕಾಗಿರೋದು?"

ಎಲ್ಲರೂ ಜರುಗಿ ಜಾಗ ಕೊಟ್ಟರು. ಅವತ್ತಿನಿಂದ ಮುಂದಿನ ಗೋಣಿಚೀಲ ನನ್ನದೇ ಆಯಿತು.

ಆದರೆ ಮುಂದೆ ಕೂತರೂ, ಹಿಂದೆ ಕೂತರೂ, ನಾವು ಯಾರೂ ಬಾಯಿ ಬಿಡುತ್ತಿರಲಿಲ್ಲ. ಮೇಡಂ ಏನು ಕೇಳಿದರೂ ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಪಕ್ಕದವಳ ಮುಖ ನೋಡುವುದು. ತಪ್ಪಾಗಿಬಿಟ್ಟರೆ? ನಾಳೆ ನಲ್ಲಿ ಹತ್ತಿರ ಆಡಿಕೊಂಡು ನಗುವುದಿಲ್ಲವೇ? ಹತ್ತು ದಿನ ಹೀಗೇ ಆಯಿತು. ಹನ್ನೊಂದನೇ ದಿನ ಮೇಡಂ ಪಾಠ ಬಿಟ್ಟು, ಕಥೆ ಹೇಳುತ್ತೇನೆ ಎಂದರು.

"ಒಂದೂರಲ್ಲಿ ಒಬ್ಳು ಮುದ್ದೆ ಮಾಡೋಕೆ ಹೋದ್ಲು. ತಣ್ಣೀರಿಗೆ ರಾಗಿಹಿಟ್ಟು ಹಾಕಿ ಕಲಸಿದ್ಲು. ಆಮೇಲೆ ಸೌಟಲ್ಲಿ ತಗೊಂಡು ಹೆಂಚಿನ ಮೇಲೆ ಹುಯ್ದ್ಲು…"

"ಅಯ್ಯೋ!" ಅಂತ ಹಿಂದಿನಿಂದ ಯಾರೋ ಅಂದರು. "ಅದೆಂಥ ಮುದ್ದೆ ಮೇಡಂ?"

"ಯಾಕೆ, ಹಂಗಲ್ವಾ? ಹಂಗಾದ್ರೆ ಹೆಂಗೆ ಮಾಡೋದು? ನನಗೆ ಬರಲ್ಲ, ಹೇಳಿಕೊಡಿ."

ಅಷ್ಟೇ! ಒಬ್ಬಳು ಎಸರು ಕುದಿಯಬೇಕು ಅಂದಳು, ಇನ್ನೊಬ್ಬಳು ಕೋಲು ಬೇಕು ಅಂದಳು, ನಾನೂ ಎದ್ದು ನಿಂತು ಕೈಯಾಡಿಸಿ ತೋರಿಸಿದೆ. ನಾವು ಆಡಿದ ಮಾತನ್ನೆಲ್ಲ ಮೇಡಂ ಬೋರ್ಡಿನ ಮೇಲೆ ಬರೆಯುತ್ತಾ ಹೋದರು. ಎಸರು, ಹಿಟ್ಟು, ಕೋಲು. ಅದೇ ನಮ್ಮ ಪಾಠ. ಆಮೇಲೆ ದಿನವೂ ಹಾಗೇ. ಅವರು ಒಂದು ಕಥೆ ತಪ್ಪಾಗಿ ಹೇಳುವುದು, ನಾವು ತಿದ್ದುವುದು. ಪಾಪ, ಈ ಪೇಟೆ ಹುಡುಗಿಗೆ ಏನೂ ಗೊತ್ತಿಲ್ಲ ಅಂತ ನಾನು ಒಂದು ವರ್ಷ ಮರುಗಿದ್ದೇನೆ. ಗುಬ್ಬಿಯಲ್ಲಿ ಮುದ್ದೆ ತಿಂದೇ ಬೆಳೆದವರು ಅವರು ಅಂತ ಎಷ್ಟೋ ದಿನದ ಮೇಲೆ ಗೊತ್ತಾಯಿತು.

ಹೋದ ವರ್ಷ ಅವರು ರಿಟೈರ್ ಆದರು. ಗುಬ್ಬಿಯ ಮನೆಗೆ ಹೋಗಿ ಆರು ತಿಂಗಳೂ ಆಗಿರಲಿಲ್ಲ, ಸ್ಟ್ರೋಕ್ ಆಯಿತು. ನಾನು ಕುಣಿಗಲ್‌ನಲ್ಲಿ ಮಗಳ ಮನೆಯಲ್ಲಿರುವುದು. ಒಂದು ದಿನ ಮೇಡಮ್ಮಿನ ಯಜಮಾನರು ರುದ್ರಯ್ಯನವರು ಫೋನ್ ಮಾಡಿದರು. ಕೆಇಬಿಯಲ್ಲಿ ಲೈನ್‌ಮನ್ ಆಗಿದ್ದು ನಿವೃತ್ತರಾದವರು, ಕಂಬದ ಮೇಲಿನಿಂದ ಕೂಗಿ ಕೂಗಿ ಅಭ್ಯಾಸವಾಗಿ ಫೋನಿನಲ್ಲೂ ಕೂಗಿಯೇ ಮಾತಾಡುತ್ತಾರೆ. ಅವತ್ತು ಮಾತ್ರ ಧ್ವನಿ ಸಣ್ಣಗಿತ್ತು.

"ಕೈಕಾಲು ಪರವಾಗಿಲ್ಲ ಕಲ್ಲಮ್ಮ, ಓಡಾಡ್ತಾಳೆ. ಮಾತು ಹೋಗ್ಬಿಟ್ಟೈತೆ."

ಕುಣಿಗಲ್‌ನಿಂದ ತುಮಕೂರಿಗೆ ಒಂದು ಬಸ್ಸು, ಅಲ್ಲಿಂದ ಗುಬ್ಬಿಗೆ ಇನ್ನೊಂದು. ಹೋಗಿ ನೋಡಿದೆ. ಮೇಡಂ ಕಿಟಕಿ ಪಕ್ಕ ಕೂತಿದ್ದರು. ನನ್ನನ್ನು ಕಂಡು ಕಣ್ಣು ಅರಳಿತು, ಕೈ ಹಿಡಿದುಕೊಂಡರು, ಬಾಯಿ ತೆರೆದರು.

"ಅದೇ…" ಎಂದರು. "ಅದೇ… ಅದೇ…"

ಬೇರೆ ಏನೂ ಬರಲಿಲ್ಲ. ಬರುತ್ತಿದ್ದುದು ಅದೊಂದೇ ಮಾತು.

"ಕಾಫಿ ಬೇಕಂತೆ" ಎಂದರು ರುದ್ರಯ್ಯನವರು. ಮೇಡಂ ಅಲ್ಲ ಅಂತ ತಲೆ ಆಡಿಸಿದರು. "ಹಂಗಾದ್ರೆ ಫ್ಯಾನ್ ಹಾಕ್ಬೇಕಂತೆ." ಅದೂ ಅಲ್ಲ. "ಕಲ್ಲಮ್ಮನಿಗೆ ಊಟಕ್ಕೆ ಏಳೋಕೆ ಹೇಳು ಅಂತಿದಾಳೆ." ಮೇಡಂ ಬಾಯಿ ಮುಚ್ಚಿಕೊಂಡು ಕಿಟಕಿಯ ಕಡೆ ತಿರುಗಿದರು. ಆಮೇಲೆ ನಾನು ಹೊರಡುವವರೆಗೂ ಆ ಬಾಯಿ ತೆರೆಯಲಿಲ್ಲ.

ಡಾಕ್ಟರು ಹೇಳಿದ್ದು ಇಷ್ಟು. ಅವರಿಗೆ ಎಲ್ಲಾ ಅರ್ಥ ಆಗುತ್ತದೆ. ಮಾತುಗಳೆಲ್ಲ ಒಳಗೇ ಇವೆ, ಹೊರಗೆ ಬರುವ ದಾರಿ ಮುರಿದಿದೆ. ದಿನಾ ಪ್ರಯತ್ನ ಮಾಡಿದರೆ ಬೇರೆ ದಾರಿ ಬೀಳುತ್ತದೆ. ಸುಮ್ಮನೆ ಕೂತಷ್ಟು ದಿನವೂ ಕಷ್ಟ ಹೆಚ್ಚುತ್ತದೆ. ಮೇಡಂ ಸುಮ್ಮನೆ ಕೂತು ಆಗಲೇ ಐದು ತಿಂಗಳಾಗಿತ್ತು. ಮೂವತ್ತು ವರ್ಷ ಊರ ಮಕ್ಕಳ ತಪ್ಪನ್ನೆಲ್ಲ ತಿದ್ದಿದವರು, ಈಗ ತಮ್ಮ ಬಾಯಲ್ಲಿ ತಪ್ಪು ಬರುತ್ತದಲ್ಲ ಅಂತ ಬಾಯನ್ನೇ ಮುಚ್ಚಿಬಿಟ್ಟಿದ್ದರು. ಆ ನಾಚಿಕೆ ನನಗೆ ಗೊತ್ತು. ಚಪ್ಪಲಿ ಹತ್ತಿರ ಕೂತ ನಾಚಿಕೆ ಅದು.

ತುಮಕೂರಿನ ಬಿ.ಎಚ್. ರಸ್ತೆಯಲ್ಲಿ, ಒಂದು ಮೆಡಿಕಲ್ ಸ್ಟೋರಿನ ಮೇಲೆ, ಮಾತಿನ ತರಬೇತಿ ಕೊಡುವ ಒಂದು ಸಣ್ಣ ಕೇಂದ್ರ ಇದೆ. ರುದ್ರಯ್ಯನವರು ಹೆಂಡತಿಯನ್ನು ವಾರಕ್ಕೆರಡು ಸಲ ಅಲ್ಲಿಗೆ ಕರೆದುಕೊಂಡು ಹೋಗುತ್ತಿದ್ದರು. ಅಲ್ಲಿ ಮಂಜುಶ್ರೀ ಅಂತ ಒಬ್ಬಳು ಹುಡುಗಿ, ಕಂಪ್ಯೂಟರ್ ಓದಿದವಳು, ಕೇಂದ್ರದ ಡಾಕ್ಟರಮ್ಮನ ಜೊತೆ ಸೇರಿ ಹೊಸದೊಂದನ್ನು ಪರೀಕ್ಷೆ ಮಾಡುತ್ತಿದ್ದಳು. ಕಣ್ಣಿಗೆ ಕಟ್ಟಿಕೊಳ್ಳುವ ಒಂದು ಡಬ್ಬಿ. ಹೆಡ್‌ಸೆಟ್ ಅನ್ನುತ್ತಾರೆ. ಕಟ್ಟಿಕೊಂಡರೆ ಒಂದು ಊರು ಕಾಣುತ್ತದೆ. ಅದರಲ್ಲಿ ಸುಮನಾ ಅಂತ ಎರಡು ಜಡೆಯ ಹುಡುಗಿ ಇದ್ದಾಳೆ. ಅವಳು ಮಾತಾಡಿಸುತ್ತಾಳೆ. ನಾವು ಹೇಗೆ ಹೇಳಿದರೆ ಕಥೆ ಹಾಗೆ ಮುಂದೆ ಹೋಗುತ್ತದೆ. ಹನ್ನೆರಡು ಸಲ ಕೂರಿಸುವುದು ಅಂತ ಗೊತ್ತು ಮಾಡಿದ್ದರು, ಆಮೇಲೆ ಆ ಡಬ್ಬಿ ಬೇರೆ ಊರಿಗೆ ಹೋಗಬೇಕು. ಏಳು ಸಲ ಮುಗಿದಿತ್ತು. ಮೇಡಂ ಒಂದು ಮಾತೂ ಆಡಿರಲಿಲ್ಲ.

"ನೀವೂ ಒಂದ್ಸಲ ಬನ್ನಿ ಕಲ್ಲಮ್ಮ. ನಿಮ್ಮ ಮುಂದಾದ್ರೂ ಬಾಯಿ ಬಿಡ್ತಾಳೇನೋ" ಎಂದರು ರುದ್ರಯ್ಯನವರು. ಹೋದೆ. ಗುಬ್ಬಿಯಲ್ಲೇ ಅವರ ಮನೆಯಲ್ಲಿ ಉಳಿದುಕೊಂಡೆ.

ಮಂಜುಶ್ರೀ ಮೊದಲು ನನಗೇ ಡಬ್ಬಿ ಕಟ್ಟಿದಳು. ಅಬ್ಬಾ! ಬೀದಿ, ಬಾವಿ, ಕೆದಕುತ್ತಿರುವ ಕೋಳಿ, ಹೆಂಚಿನ ಮನೆ, ಮನೆ ಮುಂದೆ ಜಗಲಿ. ಸುಮನಾ ಜಗಲಿಯಿಂದ ಇಳಿದು ಬಂದು, "ಬನ್ನಿ ಅಜ್ಜಿ, ಬಿಸಿಲಲ್ಲಿ ಬಂದಿದೀರಿ, ಕೂತ್ಕೊಳ್ಳಿ" ಎಂದಳು. ಎಷ್ಟು ಮರ್ಯಾದೆಯ ಹುಡುಗಿ ಅಂದುಕೊಂಡೆ. ಕಾಲಿಗೆ ನೀರು ಹುಡುಕಿದೆ, ಸಿಗಲಿಲ್ಲ. ಇರಲಿ ಅಂತ ಸೀರೆ ಸರಿ ಮಾಡಿಕೊಂಡು ಜಗಲಿಯ ಮೇಲೆ ಕೂತೆ.

ಜಗಲಿ ಎಲ್ಲಿತ್ತು? ದಬಾರಂತ ನೆಲಕ್ಕೆ ಬಿದ್ದೆ.

ಮಂಜುಶ್ರೀ ಓಡಿ ಬಂದಳು. ರುದ್ರಯ್ಯನವರು "ಏನಮ್ಮಾ ಇದು, ಇಲ್ದಿರೋ ಜಗಲಿ ಮೇಲೆ ಕೂರ್ತೀಯಲ್ಲ!" ಅಂತ ಕೂಗಿದರು. ಅವರ ಕೂಗಿನ ನಡುವೆ ಇನ್ನೊಂದು ಸದ್ದು ಕೇಳಿತು. ಡಬ್ಬಿ ತೆಗೆದು ನೋಡಿದರೆ, ಮೇಡಂ ನಗುತ್ತಿದ್ದರು. ಭುಜ ಕುಲುಕಿಸಿಕೊಂಡು, ಕಣ್ಣಲ್ಲಿ ನೀರು ಬರುವ ಹಾಗೆ. "ನಕ್ಳು! ನೋಡಮ್ಮ ಮಂಜುಶ್ರೀ, ನಕ್ಳು!" ಅಂತ ರುದ್ರಯ್ಯನವರು ತಾವೇ ಅಳುವುದಕ್ಕೆ ಶುರು ಮಾಡಿದರು. ಸೊಂಟದ ನೋವು ನಾಲ್ಕು ದಿನ ಇತ್ತು. ಅದರ ಮೇಲೆ ನನಗೇನೂ ದೂರಿಲ್ಲ.

ಆಮೇಲೆ ಮೇಡಂ ಸರದಿ. ಅವರಿಗೆ ಕಾಣುವುದು ನಮಗೆ ಗೋಡೆಯ ಟಿವಿಯಲ್ಲಿ ಕಾಣುತ್ತಿತ್ತು.

"ಅಜ್ಜಿ, ಇವತ್ತು ಕೆರೆಗೆ ಹೋಗೋಣ್ವಾ, ತೋಟಕ್ಕೆ ಹೋಗೋಣ್ವಾ?" ಸುಮನಾ ಕೇಳಿದಳು.

ಮೇಡಂ ಸುಮ್ಮನಿದ್ದರು.

"ಪರವಾಗಿಲ್ಲ, ನಿಧಾನವಾಗಿ ಹೇಳಿ. ನೀವು ತುಂಬಾ ಚೆನ್ನಾಗಿ ಪ್ರಯತ್ನ ಮಾಡ್ತಿದೀರಿ!"

ಮೇಡಂ ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟರು. ಆ ಮುಖ ನನಗೆ ಗೊತ್ತು. ನಮ್ಮ ರಾತ್ರಿ ಶಾಲೆ ನೋಡಲು ಒಬ್ಬ ಸಾಹೇಬರು ಬಂದು, ನಮ್ಮ ಸ್ಲೇಟು ನೋಡದೇ "ವೆರಿಗುಡ್ ವೆರಿಗುಡ್" ಅಂದುಕೊಂಡು ಹೋದಾಗ ಮೇಡಂ ಮುಖ ಹೀಗೇ ಆಗಿತ್ತು.

ನಾನು ಮಂಜುಶ್ರೀಯನ್ನು ಪಕ್ಕಕ್ಕೆ ಕರೆದೆ. "ಮಗಾ, ಈ ಕಥೆ ಬರೆದಿರೋದು ಯಾರು?"

"ಯಾರೂ ಬರೆದಿಟ್ಟಿಲ್ಲ ಅಜ್ಜಿ. ಊರು ನಾನು ಕಟ್ಟಿದೀನಿ. ಸುಮನಾ ಎಂಥವಳು ಅಂತ ಹೇಳಿಕೊಟ್ಟಿದೀನಿ. ಮಿಕ್ಕಿದ್ದೆಲ್ಲ ಎಐ ಮಾಡುತ್ತೆ. ಎದುರಿಗಿರೋರು ಏನಂತಾರೆ, ಎಷ್ಟು ಹೊತ್ತು ಸುಮ್ನಿರ್ತಾರೆ, ಎಲ್ಲಿ ನೋಡ್ತಾರೆ, ಅದನ್ನೆಲ್ಲ ಗಮನಿಸಿ ಆಗಿಂದಾಗಲೇ ಕಥೆ ಕಟ್ಕೊಂಡು ಹೋಗುತ್ತೆ."

ನನಗೆ ಅದು ಹೊಸದು ಅನ್ನಿಸಲಿಲ್ಲ. ನಮ್ಮವ್ವ ಕಥೆ ಹೇಳುತ್ತಿದ್ದುದೂ ಹೀಗೇ. ನಾವು ಅಳುವ ಹಾಗೆ ಕಂಡರೆ ರಾಕ್ಷಸ ಬೇಗ ಸಾಯುತ್ತಿದ್ದ, ನಗುತ್ತಿದ್ದರೆ ಅವನನ್ನು ಇನ್ನೆರಡು ಮೈಲಿ ಓಡಿಸುತ್ತಿದ್ದಳು.

"ನಿಮ್ಮ ಸುಮನಾ ತೀರಾ ಒಳ್ಳೇವ್ಳು ಕಣವ್ವ" ಎಂದೆ. "ಅದೇ ತೊಂದ್ರೆ. ಅವಳಿಗೆ ಎಲ್ಲಾ ಬರ್ತದೆ. ಎಲ್ಲಾ ಬರೋಳ ಮುಂದೆ ಮಾತು ಬರ್ದಿರೋರು ಹೆಂಗೆ ಬಾಯಿ ಬಿಟ್ಟಾರು? ಅವಳ ಬಾಯಲ್ಲಿ ತಪ್ಪು ಹೇಳ್ಸು."

ಮಂಜುಶ್ರೀ ನನ್ನನ್ನೇ ನೋಡಿದಳು. "ಎಐ ತಪ್ಪು ಹೇಳ್ದೇ ಇರೋ ಹಂಗೆ ಮಾಡೋಕೆ ಆರು ತಿಂಗಳು ಒದ್ದಾಡಿದೀನಿ ಅಜ್ಜಿ. ನೀವು ಬಂದು ತಪ್ಪು ಹೇಳ್ಸು ಅಂತೀರಲ್ಲ!"

ತಣ್ಣೀರಿನ ಮುದ್ದೆಯ ಕಥೆ ಹೇಳಿದೆ. ಕೇಳಿ ಅವಳು ಡಾಕ್ಟರಮ್ಮನ ಹತ್ತಿರ ಹೋದಳು. ಡಾಕ್ಟರಮ್ಮ ಮೇಡಮ್ಮಿಗೆ, ಸುಮನಾಳನ್ನು ಸ್ವಲ್ಪ ಬದಲಾಯಿಸಿ ನೋಡಬಹುದಾ ಅಂತ ಕೇಳಿದರು. ಮೇಡಂ ಬೇಡವೂ ಅನ್ನಲಿಲ್ಲ, ಬೇಕೂ ಅನ್ನಲಿಲ್ಲ, ಆಗಲಿ ಅನ್ನುವ ಹಾಗೆ ತಲೆ ಆಡಿಸಿದರು.

ಒಂಬತ್ತನೇ ಸಲ ಸುಮನಾ ಕೋಳಿ ತೋರಿಸಿ, "ಅಜ್ಜಿ, ಇದರ ಹಾಲು ಕರೆಯೋಣ ಬನ್ನಿ" ಎಂದಳು.

ಮೇಡಂ ತಲೆ ಕೊಡವಿದರು, ಅಷ್ಟೇ. ಇವಳಿಗೆ ತಲೆ ಕೆಟ್ಟಿದೆ ಅನ್ನುವ ಹಾಗೆ. ಬಾಯಿ ಬಿಟ್ಟವರು ರುದ್ರಯ್ಯನವರು. "ಏನ್ಲೇ, ಕೋಳಿ ಎಲ್ಲಾದ್ರೂ ಹಾಲು ಕೊಡ್ತದಾ? ಮೊಟ್ಟೆ ಕಣೇ, ಮೊಟ್ಟೆ!"

"ಸಾರ್," ಎಂದಳು ಮಂಜುಶ್ರೀ, "ಪೇಷಂಟು ನೀವಲ್ಲ."

ಪೆದ್ದು ತಪ್ಪು ಸಾಲದು ಅಂತ ನನಗೆ ತಿಳಿಯಿತು. ಯಾರಿಗೂ ನಂಬಿಕೆ ಬಾರದ ತಪ್ಪನ್ನು ಯಾರು ತಿದ್ದುತ್ತಾರೆ? ಹತ್ತನೇ ಸಲಕ್ಕೆ ಮುದ್ದೆಯನ್ನೇ ತಂದೆವು. ಸುಮನಾ ಒಲೆ ಮುಂದೆ ಕೂತು ತಣ್ಣೀರಿಗೆ ಹಿಟ್ಟು ಸುರಿದಳು. ಮೇಡಂ ಬೆನ್ನು ನೆಟ್ಟಗಾಯಿತು. ಬಲಗೈ ಮೇಲೆ ಬಂತು. ತುಟಿ ತೆರೆಯಿತು. "ಅದೇ… ಅ… ಎ…"

"ಎಸರು!" ರುದ್ರಯ್ಯನವರು ಕುರ್ಚಿಯಿಂದ ಹಾರಿ ಕೂಗಿದರು. "ಎಸರು ಕುದೀಬೇಕು ಅಂತಿದಾಳೆ! ಬಂತು, ಮಾತು ಬಂತು!"

ಬಂದಿದ್ದು ಅವರ ಮಾತು. ಮೇಡಂ ಕೈ ಕೆಳಗಿಳಿಯಿತು, ತುಟಿ ಮುಚ್ಚಿತು.

ನಾನು ಸಾಮಾನ್ಯಕ್ಕೆ ಸಿಟ್ಟಾಗುವವಳಲ್ಲ. ಗರಿ ಹೆರೆಯುವವರಿಗೆ ಸಿಟ್ಟು ಬಂದರೆ ಕಡ್ಡಿ ಮುರಿಯುತ್ತದೆ, ಬೆರಳು ಕುಯ್ಯುತ್ತದೆ. ಆದರೂ ಅವತ್ತು ಮೆಟ್ಟಿಲ ಹತ್ತಿರ ಅವರಿಗೆ ಹೇಳಿಯೇ ಬಿಟ್ಟೆ. "ಸಾರ್, ನಿಮ್ಮ ಜೀವ ಹೊಡ್ಕೊಳ್ಳೋದು ನನಗೆ ಕಾಣ್ತದೆ. ಆದ್ರೆ ಅವರ ಬಾಯಿ ತುದಿಗೆ ಬಂದಿದ್ದನ್ನ ನೀವು ಕಿತ್ಕೊಂಡ್ಬಿಟ್ರಿ."

ಅವರು ಮೆಟ್ಟಿಲ ಮೇಲೆ ಕೂತರು. ಟವಲಲ್ಲಿ ಮುಖ ಒರೆಸಿಕೊಂಡರು. "ಅವಳು ತಡವರಿಸೋದು ನೋಡಕ್ಕಾಗಲ್ಲ ಕಲ್ಲಮ್ಮ. ನಲವತ್ತು ವರ್ಷ ಅವಳು ಮಾತಾಡಿದ್ದು, ನಾನು ಕೇಳಿದ್ದು."

ನಾನೂ ಅವರ ಪಕ್ಕ ಮೆಟ್ಟಿಲ ಮೇಲೆ ಕೂತೆ.

ಹನ್ನೊಂದನೇ ಸಲ ಹೋಗಬೇಕಾದ ದಿನ ಮೇಡಂ ಹಾಸಿಗೆಯಿಂದ ಏಳಲೇ ಇಲ್ಲ. ಗೋಡೆ ಕಡೆ ತಿರುಗಿ ಮಲಗಿದರು. ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಕಾರ್ಖಾನೆ ಕಡೆಯಿಂದ ಒಂದು ಹೆಲಿಕಾಪ್ಟರ್ ಮನೆ ಮೇಲೇ ಹಾದುಹೋಯಿತು. ಮೊದಲಾಗಿದ್ದರೆ ಬೀದಿ ಮಕ್ಕಳ ಜೊತೆ ತಾವೂ ಹೊರಗೆ ಓಡಿ, ರೆಕ್ಕೆ ಎಷ್ಟಿದೆ ಎಣಿಸಿ ಅನ್ನುತ್ತಿದ್ದರಂತೆ. ತಲೆ ಕೂಡ ಎತ್ತಲಿಲ್ಲ. ಆ ದಿನ ಹಾಗೇ ಹೋಯಿತು. ಉಳಿದದ್ದು ಒಂದೇ.

ನಾನು ಹಿತ್ತಲಿಗೆ ಹೋಗಿ ಮಂಜುಶ್ರೀಗೆ ಫೋನ್ ಮಾಡಿದೆ. ನಮ್ಮ ಶಾಲೆಯನ್ನು ಪೂರ್ತಿ ಹೇಳಿದೆ. ಗೋಣಿಚೀಲ, ಬಾಗಿಲ ಹತ್ತಿರದ ಚಪ್ಪಲಿ, ಒಂದು ಮೂಲೆ ಒಡೆದ ಬೋರ್ಡು, ಹಾಜರಿ ಪುಸ್ತಕ, ಯಾರು ಎಲ್ಲಿ ಕೂರುತ್ತಿದ್ದರು, ಯಾರ ಕಂಕುಳಲ್ಲಿ ಮಗು ಇರುತ್ತಿತ್ತು. ನಾನು ತಡವಾಗಿ ಹೋಗುತ್ತಿದ್ದುದು, ಮೇಡಂ ಕರೆದು ಮುಂದೆ ಕೂರಿಸಿದ್ದು. ನಡುವೆ ಅವಳು ಒಂದು ಸಲವೂ ಅಡ್ಡ ಬಾಯಿ ಹಾಕಲಿಲ್ಲ. ಕೊನೆಗೆ, "ಇದನ್ನೆಲ್ಲ ಅದಕ್ಕೆ ಕೊಡ್ತೀನಿ ಅಜ್ಜಿ. ಸುಮನಾ ಇದರಲ್ಲಿ ಯಾವ್ದನ್ನ ಎತ್ಕೋತಾಳೋ, ಏನು ತಪ್ಪು ಮಾಡ್ತಾಳೋ, ನನಗೂ ಗೊತ್ತಿರಲ್ಲ" ಎಂದಳು.

ಮೇಡಂ ಹಾಸಿಗೆ ಪಕ್ಕ ಹೋಗಿ ಕೂತೆ. "ಮೇಡಂ, ನಾನು ನಿಮ್ಮ ಕ್ಲಾಸು ಎಷ್ಟು ದಿನ ತಪ್ಪಿಸಿದೀನಿ?"

ಅವರು ಈ ಕಡೆ ತಿರುಗದೆ ಒಂದು ಬೆರಳು ತೋರಿಸಿದರು. ನನ್ನ ಮಗಳ ಹೆರಿಗೆಯ ದಿನ. ಅದೂ ನೆನಪಿದೆ ಅವರಿಗೆ.

"ನೀವೂ ಒಂದಿನ ತಪ್ಪಿಸಿದ್ರಿ. ಇಬ್ರೂ ಸಮ ಆಯ್ತು. ನಾಳಿದ್ದು ಇನ್ನೊಂದೈತೆ, ಹೋಗುವಾ."

ಆ ಬೆರಳು ನನ್ನ ಕೈಯನ್ನು ಹಿಡಿಯಿತು.

ಕೊನೆಯ ದಿನ ರುದ್ರಯ್ಯನವರು ಕೆಳಗಿನ ಅಂಗಡಿಯಲ್ಲಿ ಎಲೆಅಡಿಕೆ ಕೊಂಡು ಬಾಯಿ ತುಂಬ ಹಾಕಿಕೊಂಡೇ ಮೆಟ್ಟಿಲು ಹತ್ತಿದರು. ಯಾಕೆ ಅಂತ ಕಣ್ಣಲ್ಲೇ ಕೇಳಿದೆ. ತುಂಬಿದ ಕೆನ್ನೆ ತೋರಿಸಿ, ಕೈ ಮುಗಿದರು. ಉಗಿಯಲು ಅಲ್ಲಿ ಜಾಗ ಇಲ್ಲ, ಆದ್ದರಿಂದ ಮಾತಾಡಲೂ ಆಗುವುದಿಲ್ಲ. ಅಂಥ ಮನುಷ್ಯ.

ಮೇಡಮ್ಮಿಗೆ ಡಬ್ಬಿ ಕಟ್ಟಿದರು. ನಾನು ಅಡ್ಡ ಆಗಬಾರದು ಅಂತ ಬಾಗಿಲಲ್ಲೇ ನಿಂತೆ. ಟಿವಿಯಲ್ಲಿ ಬೀದಿ ಬರಲಿಲ್ಲ, ಬಾವಿ ಬರಲಿಲ್ಲ. ನಮ್ಮ ಶಾಲೆ ಬಂತು. ಮೂಲೆ ಒಡೆದ ಬೋರ್ಡು, ನೆಲದ ಮೇಲೆ ಗೋಣಿಚೀಲ, ಅದರ ಮೇಲೆ ಹೆಂಗಸರು. ಮುಖ ನಮ್ಮವರದ್ದಲ್ಲ, ಆದರೆ ಸೆರಗು ಬಾಯಿಗೆ ಅಡ್ಡ ಇಟ್ಟುಕೊಂಡದ್ದು ನಮ್ಮವರ ಹಾಗೇ. ಮೇಡಂ ತಲೆ ನಿಧಾನವಾಗಿ ಆ ಕಡೆ ಈ ಕಡೆ ತಿರುಗಿತು. ಎಲ್ಲವನ್ನೂ ನೋಡಿದರು.

ಬೋರ್ಡಿನ ಮುಂದೆ ಸುಮನಾ. ಈಗ ಸೀರೆ ಉಟ್ಟ ಹೊಸ ಟೀಚರು. ಹಾಜರಿ ಪುಸ್ತಕ ತೆರೆದು ಒಬ್ಬೊಬ್ಬರ ಹೆಸರು ಕೂಗುತ್ತಿದ್ದಳು. ಅಷ್ಟರಲ್ಲಿ ಬಾಗಿಲಲ್ಲಿ ಒಬ್ಬಳು ಬಂದು ನಿಂತಳು. ಸೀರೆಯ ಮೇಲೆಲ್ಲ ಗರಿಯ ಚೂರು.

"ಕಲ್ಲಮ್ಮ," ಎಂದಳು ಸುಮನಾ, "ಮತ್ತೆ ಲೇಟು. ಅಲ್ಲೇ ಚಪ್ಪಲಿ ಹತ್ರ ಕೂತ್ಕೊಳ್ಳಿ. ಟೈಮಿಗೆ ಬರೋಕೆ ಆಗ್ದಿರೋರಿಗೆಲ್ಲ ಅಕ್ಷರ ಯಾಕೆ? ನಿಮ್ಮ ಹೆಸರು ಹೊಡೆದು ಹಾಕ್ತೀನಿ." ಪೆನ್ನು ತೆಗೆದಳು.

ನಾನು ಇದನ್ನು ಹೇಳಿಕೊಟ್ಟಿರಲಿಲ್ಲ. ಪಕ್ಕದಲ್ಲಿದ್ದ ಮಂಜುಶ್ರೀ "ಅಯ್ಯೋ" ಅಂತ ಉಸಿರೆಳೆದುಕೊಂಡಳು. ಅವಳೂ ಹೇಳಿಕೊಟ್ಟಿರಲಿಲ್ಲ. ಟಿವಿಯೊಳಗಿನ ಕಲ್ಲಮ್ಮ ತಲೆ ತಗ್ಗಿಸಿ ಚಪ್ಪಲಿಗಳ ಪಕ್ಕ ಕೂತಳು. ಎಪ್ಪತ್ತಮೂರು ವರ್ಷದ ನಾನು, ಅದು ಬರೀ ಆಟ ಅಂತ ಗೊತ್ತಿದ್ದ ನಾನು, ಅವಳ ಜೊತೆ ತಲೆ ತಗ್ಗಿಸಿದೆ.

"ಅದೇ…" ಎಂದರು ಮೇಡಂ.

ಸುಮನಾ ಪೆನ್ನು ಹಿಡಿದು ಕಾದಳು.

"ಅದೇ… ಅದೇ… ಬೇ…" ಕೈ ಗಾಳಿಯಲ್ಲಿ ಏನನ್ನೋ ತಡೆಯುತ್ತಿತ್ತು. "ಬೇ… ಬೇಡ."

ರುದ್ರಯ್ಯನವರ ಕಣ್ಣು ಇಷ್ಟಗಲ ಆಯಿತು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು.

ಸುಮನಾ ಈ ಸಲ ಹೊಗಳಲಿಲ್ಲ. ವಾದ ಮಾಡಿದಳು. "ಯಾಕೆ ಬೇಡ? ಲೇಟಾಗಿ ಬಂದೋರು ಹಿಂದೆ ತಾನೆ ಕೂರ್ಬೇಕು?"

"ಅಲ್ಲ!" ಎಂದರು ಮೇಡಂ. ಕೆಳಗಿನ ಮೆಡಿಕಲ್ ಸ್ಟೋರಿಗೂ ಕೇಳಿಸಿರಬೇಕು. "ಅಲ್ಲ. ಮುಂ… ಮುಂದೆ. ಕಲ್… ಕಲ್ಲಮ್ಮ… ಮುಂದೆ. ಮುಂದೆ ಬಾ."

ಸುಮನಾ ಪೆನ್ನು ಕೆಳಗಿಟ್ಟಳು. ಗೋಣಿಚೀಲದ ಮೇಲಿದ್ದ ಹೆಂಗಸರು ಜರುಗಿದರು. ಗರಿ ಚೂರಿನ ಸೀರೆಯವಳು ಎದ್ದು, ಎಲ್ಲರ ನಡುವೆ ಹಾದು, ಬೋರ್ಡಿನ ಮುಂದೆ ಬಂದು ಕೂತಳು.

ಮೇಡಂ ಡಬ್ಬಿ ಬಿಚ್ಚಿದರು. ಕೂದಲೆಲ್ಲ ಕೆದರಿತ್ತು, ಮುಖ ಬೆವೆತಿತ್ತು. ನನ್ನನ್ನು ಹುಡುಕಿದರು. ನಾನು ಬಾಗಿಲಲ್ಲಿ, ಎಲ್ಲರೂ ಚಪ್ಪಲಿ ಬಿಟ್ಟ ಕಡೆಯೇ ನಿಂತಿದ್ದೆ. ತಮ್ಮ ಎದುರಿನ ಕುರ್ಚಿಗೆ ಬೆರಳು ತೋರಿಸಿದರು.

"ಮುಂದೆ" ಎಂದರು.

ಹೋಗಿ ಕೂತೆ. ರುದ್ರಯ್ಯನವರು ಮೆಟ್ಟಿಲು ಇಳಿದು ಓಡಿದ ಸದ್ದು ಕೇಳಿತು. ಎಲೆಅಡಿಕೆ ಉಗಿಯಲೋ ಅಳಲೋ, ನಾನು ಕೇಳಲಿಲ್ಲ.

ಅದಾದ ಮೇಲೆ ಮಾತು ಮಳೆಯಂತೆ ಸುರಿಯಿತು ಅಂತ ಬರೆದರೆ ಸುಳ್ಳಾಗುತ್ತದೆ. ವಾರಕ್ಕೆ ಎರಡು ಮಾತು, ಮೂರು ಮಾತು. ಸಕ್ಕರೆಗೆ ಉಪ್ಪು ಅನ್ನುತ್ತಾರೆ, ಯಜಮಾನರನ್ನು ಒಂದೊಂದು ದಿನ ಕಲ್ಲಮ್ಮ ಅನ್ನುತ್ತಾರೆ. ಆದರೆ ತಪ್ಪಾಯಿತು ಅಂತ ಬಾಯಿ ಮುಚ್ಚುವುದಿಲ್ಲ. ನಗುತ್ತಾರೆ, ಮತ್ತೆ ಹುಡುಕುತ್ತಾರೆ. ಡಾಕ್ಟರಮ್ಮ ಆ ಡಬ್ಬಿಯನ್ನು ಇನ್ನೂ ಮೂರು ತಿಂಗಳು ತುಮಕೂರಿನಲ್ಲೇ ಉಳಿಸಿಕೊಂಡರು. ಪ್ರತಿ ಸಲವೂ ಸುಮನಾ ಕ್ಲಾಸಿನಲ್ಲಿ ಏನೋ ಒಂದು ಎಡವಟ್ಟು ಮಾಡುತ್ತಾಳೆ, ಮೇಡಂ ಅವಳನ್ನು ಗದರುತ್ತಾರೆ. ಬೇರೆ ರೋಗಿಗಳಿಗೂ ಮಂಜುಶ್ರೀ ಈಗ ಹಾಗೇ ಮಾಡುತ್ತಿದ್ದಾಳಂತೆ. ಟೈಲರಿಗೆ ಅಳತೆ ತಪ್ಪು ಹೇಳುವ ಸುಮನಾ, ಬಸ್ ಡ್ರೈವರಿಗೆ ದಾರಿ ತಪ್ಪು ಹೇಳುವ ಸುಮನಾ. ನಮ್ಮ ರಾತ್ರಿ ಶಾಲೆಯ ಉಪಾಯ ಅಷ್ಟು ದೂರ ಹೋಗಿದೆ.

"ಅವತ್ತು ಅದಕ್ಕೆ ಹೆಂಗೆ ಗೊತ್ತಾಯ್ತು ಮಗಾ, ಹೆಸರು ಹೊಡೆದು ಹಾಕ್ಬೇಕು ಅಂತ?" ಅಂತ ಕೇಳಿದೆ ಒಂದು ಸಲ.

"ನನಗೂ ಸರಿಯಾಗಿ ಗೊತ್ತಿಲ್ಲ ಅಜ್ಜಿ. ನೀವು ಹೇಳಿದ್ರಲ್ಲಿ ಮೇಡಮ್ಮಿಗೆ ಯಾವ್ದು ದೊಡ್ಡದು ಅಂತ ಹುಡುಕಿ, ಅದನ್ನೇ ತಲೆಕೆಳಗು ಮಾಡಿರ್ಬೇಕು. ನಿಜ ಹೇಳ್ತೀನಿ, ಅವತ್ತು ನಾನು ಮಷೀನು ಆಫ್ ಮಾಡೋಕೆ ಕೈ ಹಾಕಿದ್ದೆ. ಅತಿಯಾಯ್ತೇನೋ ಅಂತ ಹೆದರಿಕೆ ಆಗಿತ್ತು."

"ಯಾಕೆ ಮಾಡ್ಲಿಲ್ಲ?"

"ನೀವು ಬಾಗಿಲಲ್ಲಿ ಅಲುಗಾಡದೆ ನಿಂತಿದ್ರಲ್ಲ."

ಯಾರಿಗೆ ಕೃತಜ್ಞತೆ ಹೇಳಬೇಕು ಅನ್ನುವುದೇ ಒಂದು ಗೋಜಲು. ಮಂಜುಶ್ರೀಗೆ ಎರಡು ಕಡ್ಡಿ ಪೊರಕೆ ಕಟ್ಟಿ ಕೊಟ್ಟೆ, ಡಾಕ್ಟರಮ್ಮನಿಗೆ ಒಂದು. ಸುಮನಾಗೆ ಏನು ಕೊಡುವುದು? ಒಂದು ದಿನ ಡಬ್ಬಿ ಕಟ್ಟಿಸಿಕೊಂಡು ಆ ಬೀದಿಗೆ ಹೋದೆ. ಅವಳು ಮತ್ತೆ ಎರಡು ಜಡೆಯ ಹುಡುಗಿಯಾಗಿ ಜಗಲಿಯ ಮೇಲಿದ್ದಳು. "ನಿನ್ನಿಂದ ದೊಡ್ಡ ಉಪಕಾರ ಆಯ್ತು ಕಣವ್ವ, ನೂರು ವರ್ಷ ಬಾಳು" ಎಂದೆ. ಅವಳಿಗೆ ವರ್ಷದ ಲೆಕ್ಕ ಇದೆಯೋ ಇಲ್ಲವೋ, ನನಗೆ ಬರುವ ಹರಕೆ ಅದು.

"ಬನ್ನಿ ಅಜ್ಜಿ, ಜಗಲಿ ಮೇಲೆ ಕೂತ್ಕೊಳ್ಳಿ" ಎಂದಳು.

"ಬೇಡ ತಾಯಿ, ಒಂದ್ಸಲ ಕೂತಿದ್ದೇ ಸಾಕಾಗೈತೆ."

ಇಷ್ಟನ್ನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಬರೆದು, ಹೋದ ಭಾನುವಾರ ಗುಬ್ಬಿಗೆ ತೆಗೆದುಕೊಂಡು ಹೋದೆ. ಮೇಡಮ್ಮಿಗೆ ಓದಿ ಹೇಳದೆ ಯಾರಿಗೂ ತೋರಿಸುವುದು ಸರಿಯಲ್ಲ ಅನ್ನಿಸಿತು. ಕೆಳಗಿನದೆಲ್ಲ ಅವತ್ತು ಅಲ್ಲಿಂದ ಬಂದ ಮೇಲೆ ಸೇರಿಸಿದ್ದು.

ಕನ್ನಡಕ ಹಾಕಿಕೊಂಡು ಮೊದಲಿನಿಂದ ಓದಿದೆ. ಮೇಡಂ ಕಣ್ಣು ಮುಚ್ಚಿ ಕೇಳುತ್ತಿದ್ದರು. ರುದ್ರಯ್ಯನವರು ಬಾಗಿಲಿಗೆ ಒರಗಿ ನಿಂತಿದ್ದರು. ನಾವು ಹನ್ನೊಂದು ಜನ ಹೋಗುತ್ತಿದ್ದೆವು ಅನ್ನುವಲ್ಲಿಗೆ ಬಂದೆ. ಮೇಡಂ ಬೆರಳು ಎತ್ತಿದರು.

"ಅಲ್ಲ."

"ಹನ್ನೊಂದು ಮೇಡಂ. ಎಣಿಸಿಯೇ ಬರೆದಿದೀನಿ."

"ಅಲ್ಲ. ಹದಿ… ಹದಿ…" ಕಣ್ಣು ಬಿಟ್ಟು ಚಾವಣಿ ನೋಡಿದರು, ಅಲ್ಲಿ ಬರೆದಿರುವ ಹಾಗೆ. ರುದ್ರಯ್ಯನವರ ಬಾಯಲ್ಲಿ ಎಲೆಅಡಿಕೆ ಇರಲಿಲ್ಲ. ಆದರೂ ಸುಮ್ಮನೆ ನಿಂತಿದ್ದರು. "ಹದಿ… ನಾಲ್ಕು."

ಇದು ನಾನು ಬೇಕೆಂದು ಮಾಡಿದ ತಪ್ಪಲ್ಲ. ಮತ್ತೆ ಬೆರಳು ಮಡಿಸಿ ಎಣಿಸಿದೆ. ನನ್ನ ಲೆಕ್ಕಕ್ಕೆ ಹನ್ನೊಂದೇ ಬಂತು.

ಮೇಡಂ ಮೂರು ಬೆರಳು ಎತ್ತಿ ತೋರಿಸಿದರು. "ಹೋ… ಹೋದ್ರು" ಎಂದರು.

ಆಗ ನೆನಪಾಯಿತು. ಮೊದಲ ಹದಿನೈದು ದಿನದಲ್ಲೇ ಮೂರು ಜನ ಬಿಟ್ಟುಬಿಟ್ಟಿದ್ದರು. ಒಬ್ಬಳನ್ನು ಗಂಡ ಬಿಡಲಿಲ್ಲ, ಇನ್ನಿಬ್ಬರು ಯಾಕೆ ಅಂತ ನನಗೆ ತಿಳಿಯದು. ಅವರು ಯಾರು ಅನ್ನುವುದನ್ನೇ ನಾನು ಮರೆತಿದ್ದೆ. ಮೇಡಂ ಮರೆತಿರಲಿಲ್ಲ. ಅವರ ಹಾಜರಿ ಪುಸ್ತಕದಲ್ಲಿ ಆ ಮೂರು ಹೆಸರು ಹೊಡೆದು ಹಾಕಿರಲೇ ಇಲ್ಲ.

"ಸಿ… ಸಿದ್ದ…" ಎಂದರು. ನಾನು ಪೆನ್ನು ತೆಗೆದುಕೊಂಡೆ. "ಸಿದ್ದ… ಗಂಗಮ್ಮ."

ಬರೆದುಕೊಂಡೆ. ಒಂದು ಬೆರಳು ಮಡಿಸಿದರು. ಎರಡು ಇನ್ನೂ ನಿಂತಿದ್ದವು.

ಮೇಲೆ ಹನ್ನೊಂದು ಅಂತ ಬರೆದದ್ದನ್ನು ನಾನು ತಿದ್ದಿಲ್ಲ. ತಿದ್ದಿದವರು ಅವರು, ಅದು ಹಾಗೇ ಇರಲಿ. ರುದ್ರಯ್ಯನವರು ಯಾರನ್ನೂ ಏನೂ ಕೇಳದೆ ಕಾಫಿ ಮಾಡಲು ಒಳಗೆ ಹೋದರು. ಮೇಡಂ ಎರಡು ಬೆರಳು ಎತ್ತಿಕೊಂಡೇ ಕಿಟಕಿಯ ಕಡೆ ನೋಡುತ್ತಾ ತುಟಿ ಅಲುಗಿಸುತ್ತಿದ್ದರು. ನಾನು ನೋಟ್‌ಬುಕ್ಕನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು, ಅವರ ಎದುರಿಗೇ, ಮುಂದೆಯೇ ಕೂತಿದ್ದೆ.